ಒಂದೇ ಚುಕ್ಕಿಯ ಹಾಳೆ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ವಾರದಿಂದ ತಲೆ ಕೆರೆದುಕೊಂಡು ಕೂತಿದ್ದೇನೆ. ಬಜೆಟ್ ಕಡಿತ ಎಂಬ ಎರಡು ಪದ ಮೊದಲ ಸಾಲಿನಲ್ಲೇ ಬಂದರೆ ನೀವು ಪುಟ ಮಗುಚಿ ಹೋಗಿಬಿಡುತ್ತೀರಿ. ತಪ್ಪೇನಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕೃಷಿ ಸಂಶೋಧನೆಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿದ ಸಭೆಯ ಬಗ್ಗೆ ಕಥೆ ಬರೆಯುತ್ತೇನೆ ಎಂದಾಗ ನನ್ನ ಗಂಡನೇ ಆಕಳಿಸಿದ. ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿಯುವ ಸೌಜನ್ಯವೂ ಉಳಿದಿಲ್ಲ.

ಹಾಗಾಗಿ ಬೇರೆ ಥರ ಶುರು ಮಾಡಿದ್ದೆ: 'ಆ ಗುರುವಾರ ಬೆಳಿಗ್ಗೆ ಆರ್ಡಿಸ್ ಟ್ವೀಟನ್‌ಳ ಎದೆಯಲ್ಲಿ ಏನೋ ಭಾರ.' ಹೊಡೆದುಹಾಕಿದೆ. ಆರ್ಡಿಸ್‌ಳ ಎದೆಯಲ್ಲಿ ಆ ಬೆಳಿಗ್ಗೆ ಯಾವ ಭಾರವೂ ಇರಲಿಲ್ಲ. ಭಾರವಿದ್ದದ್ದು ಕೈಯಲ್ಲಿ. ಐವತ್ತು ಲೋಟದ ಕಾಫಿ ಪಾತ್ರೆಯನ್ನು ಕಾರಿನಿಂದ ಇಳಿಸಿಕೊಂಡು ಅಗ್ನಿಶಾಮಕ ಠಾಣೆಯ ಹಾಲಿಗೆ ಅವಳೊಬ್ಬಳೇ ಹೊತ್ತೊಯ್ಯುತ್ತಿದ್ದಳು. ಮಾರ್ಚ್ ತಿಂಗಳು, ಮೆಟ್ಟಿಲ ಮೇಲಿನ ಹಿಮ ಗಾಜಾಗಿತ್ತು.

(ಹಾಂ, ಇದು ಪರವಾಗಿಲ್ಲ. ಇಲ್ಲಿಂದಲೇ ಹೋಗೋಣ.)

ಮತ್ತೆ 1

ಆರ್ಡಿಸ್ ನಮ್ಮ ಹಾಲ್ವರ್ ಕೌಂಟಿಯ (ಕೌಂಟಿ ಅಂದರೆ ಇಲ್ಲಿನ ಜಿಲ್ಲೆ) ಕೃಷಿ ವಿಸ್ತರಣಾಧಿಕಾರಿ. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ. ವಿಶ್ವವಿದ್ಯಾಲಯದವರು ಕಂಡುಹಿಡಿದದ್ದನ್ನು ಹೊಲದವರಿಗೆ ತಿಳಿಸುವುದು, ಹೊಲದವರ ಕಷ್ಟವನ್ನು ವಿಶ್ವವಿದ್ಯಾಲಯದವರ ಕಿವಿಗೆ ಹಾಕುವುದು ಅವಳ ಕೆಲಸ. ಕಾಗದದ ಮೇಲೆ ಅಷ್ಟೇ. ಆದರೆ ಯಾರ ಬಾವಿ ನೀರಿನಲ್ಲಿ ಉಪ್ಪು, ಯಾರ ಹಸು ಮೇವು ಬಿಟ್ಟಿದೆ, ಯಾವ ಮಗು ಜಿಲ್ಲಾ ಪ್ರದರ್ಶನಕ್ಕೆ ಮೊಲ ಸಾಕುತ್ತಿದೆ, ಯಾವ ವಿಧುರನ ಪಿಕಪ್ ಮೂರು ದಿನದಿಂದ ಅಂಗಳ ಬಿಟ್ಟು ಕದಲಿಲ್ಲ, ಇದೆಲ್ಲ ಅವಳಿಗೆ ಗೊತ್ತು. ಕದಲದ ಪಿಕಪ್ ಕಂಡರೆ ಏನೋ ನೆಪ ಮಾಡಿಕೊಂಡು ಆ ಮನೆಯ ಬಾಗಿಲು ತಟ್ಟುತ್ತಾಳೆ. ಇದಕ್ಕೆ ಅವಳ ವಾರ್ಷಿಕ ವರದಿಯಲ್ಲಿ ಕಾಲಂ ಇಲ್ಲ.

ಅವಳನ್ನು ಇನ್ನೂ ಸ್ವಲ್ಪ ಕೆಟ್ಟವಳಾಗಿ ಚಿತ್ರಿಸಬೇಕು, ಇಲ್ಲವಾದರೆ ಕಥೆಗೆ ಕಳೆ ಬರುವುದಿಲ್ಲ. ಏನು ಮಾಡಲಿ? ಕೆಟ್ಟ ಕಾಫಿ ಮಾಡುತ್ತಾಳೆ. ತುಂಬಾ ಕೆಟ್ಟ ಕಾಫಿ, ಲೋಟದ ತಳ ಕಾಣಿಸುವಷ್ಟು ತೆಳು. ಚಿಕ್ಕಮಗಳೂರು ಕಡೆಯವಳಾದ ನಾನು ಈ ಊರಿನ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿಯೂ ಅದನ್ನು ಕ್ಷಮಿಸಿಲ್ಲ. ಸದ್ಯಕ್ಕೆ ಇದಿಷ್ಟೇ ಸಿಕ್ಕಿದ್ದು.

2

ವಿಶ್ವವಿದ್ಯಾಲಯದ ಮೇಲಿನವರಿಂದ ಬಂದ ಆದೇಶದಲ್ಲಿ ಗೊಂದಲವೇನೂ ಇರಲಿಲ್ಲ. ಆರ್ಡಿಸ್‌ಳ ಕಚೇರಿಯೂ ಪಕ್ಕದ ಸಂಶೋಧನಾ ಕೇಂದ್ರವೂ ಸೇರಿ ಏಳು ಕೆಲಸ ನಡೆಸುತ್ತಿವೆ. ಇನ್ನು ಮುಂದೆ ಆರಕ್ಕೆ ಮಾತ್ರ ದುಡ್ಡು. ಯಾವ ಆರು ಎಂಬುದನ್ನು ಸಭೆ ಕರೆದು ಜನರಿಂದಲೇ ಹೇಳಿಸಿ. ಜನ ಕೊನೆಗೆ ಹಾಕಿದ್ದನ್ನು ಜೂನ್ ಮೂವತ್ತಕ್ಕೆ ಮುಚ್ಚಲಾಗುವುದು. ಪಟ್ಟಿಗೆ ವಿಸ್ತರಣಾಧಿಕಾರಿ ಸಹಿ ಹಾಕಿ ಮುಂದಿನ ಶುಕ್ರವಾರದೊಳಗೆ ಕಳಿಸಬೇಕು.

ಠಾಣೆಯ ಹಾಲ್‌ನ ಗೋಡೆಗೆ ಆರ್ಡಿಸ್ ಏಳು ದೊಡ್ಡ ಹಾಳೆ ಅಂಟಿಸಿದ್ದಳು. ಗೋಧಿ ತಳಿಗಳ ಪ್ರಯೋಗ. ಕಳೆ ನಿಯಂತ್ರಣ. ದನದ ಮೇವು. ಮೊಲ, ಹಂದಿಮರಿ ಸಾಕುವುದನ್ನು ಕಲಿಸುವ ಮಕ್ಕಳ ಫೋರ್-ಎಚ್ ಕ್ಲಬ್. ಹಣ್ಣು ತರಕಾರಿಯನ್ನು ಬಾಟಲಿಗೆ ತುಂಬಿ ಚಳಿಗಾಲಕ್ಕೆ ಕೆಡದಂತೆ ಇಡುವುದನ್ನು ಕಲಿಸುವ ತರಗತಿ. ಮನಸ್ಸಿಗೆ ತೀರಾ ಕಷ್ಟವಾದ ರೈತರು ಮಾತಾಡಲಿಕ್ಕೆ ಒಂದು ಫೋನ್ ನಂಬರು. ಏಳನೆಯದು, ಗಿಡಗಳ ರೋಗ ಪತ್ತೆ ಮಾಡುವ ಲ್ಯಾಬ್.

ಲ್ಯಾಬ್ ಅಂದರೆ ಕೊರಿನ್ ವೆಟ್ಜೆಲ್, ಒಂದು ಮೈಕ್ರೋಸ್ಕೋಪು, ಎರಡು ಫ್ರಿಜ್ಜು. ಸೊರಗಿದ ಗಿಡವನ್ನು ಬೇರು ಸಮೇತ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಅವಳ ಮೇಜಿನ ಮೇಲೆ ಇಟ್ಟರೆ, ಇದಕ್ಕೆ ಏನಾಗಿದೆ, ಏನು ಮಾಡಬೇಕು ಎಂದು ಹೇಳುತ್ತಾಳೆ. ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದಾಳೆ. ಆರ್ಡಿಸ್‌ಗೆ ಅವಳು ಸಹೋದ್ಯೋಗಿ ಮಾತ್ರ ಅಲ್ಲ, ದಿನಾ ಮಧ್ಯಾಹ್ನ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚುವ ಗೆಳತಿ.

ಸಭೆಗೆ ನಲವತ್ಮೂರು ಜನ ಬಂದರು. ಬಾಗಿಲಲ್ಲಿ ಒಬ್ಬೊಬ್ಬರಿಗೂ ನಾಲ್ಕು ಕೆಂಪು ಚುಕ್ಕಿ, ಹಿಂಬದಿಗೆ ಅಂಟು ಇರುವ ಸ್ಟಿಕ್ಕರು. ಬೇಕೆನಿಸಿದ ಹಾಳೆಯ ಮೇಲೆ ಅಂಟಿಸಬೇಕು. ಏಳು ಕೆಲಸದವರೂ ಎದ್ದು ನಿಂತು ಐದೈದು ನಿಮಿಷ ಮಾತಾಡಿದರು. ಕೊರಿನ್ ಮಾತಾಡಿ ಕೂತಾಗ ಬಿದ್ದಷ್ಟು ಚಪ್ಪಾಳೆ ಇನ್ಯಾರಿಗೂ ಬೀಳಲಿಲ್ಲ. ಹೆಂಗಸರು ಬಂದು ಅವಳ ಭುಜ ಅದುಮಿದರು. ಗಂಡಸರು ಟೋಪಿ ತೆಗೆದು ತಲೆ ಆಡಿಸಿದರು. ಆರ್ಡಿಸ್ ಅದನ್ನು ನೋಡಿ ಸದ್ಯ ಇವಳದೊಂದು ಚಿಂತೆಯಿಲ್ಲ ಎಂದುಕೊಂಡು, ಖಾಲಿಯಾಗಿದ್ದ ಕಾಫಿ ಪಾತ್ರೆ ತೊಳೆಯಲು ಒಳಗೆ ಹೋದಳು.

ವಾಪಸು ಬರುವ ಹೊತ್ತಿಗೆ ಜನರೆಲ್ಲ ಹೊರಟಿದ್ದರು. ಹಾಳೆಗಳು ಕೆಂಪಾಗಿದ್ದವು. ಮಕ್ಕಳ ಕ್ಲಬ್ಬಿನ ಹಾಳೆಯಲ್ಲಂತೂ ಅಕ್ಷರವೇ ಕಾಣಿಸುತ್ತಿರಲಿಲ್ಲ. ಲ್ಯಾಬಿನ ಹಾಳೆಯ ಮೇಲೆ ಕೆಳಗಡೆ, ಸ್ವಲ್ಪ ಸೊಟ್ಟಗೆ, ಒಂದೇ ಒಂದು ಚುಕ್ಕಿ.

ಆರ್ಡಿಸ್ ಹಾಳೆಯ ಹಿಂಭಾಗವನ್ನೂ ಎತ್ತಿ ನೋಡಿದಳು. ನೆಲದ ಮೇಲೆ ಉದುರಿವೆಯೇನೋ ಎಂದು ಕುರ್ಚಿಗಳ ಕೆಳಗೆಲ್ಲ ಬಗ್ಗಿ ಹುಡುಕಿದಳು. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಆ ಹಾಳೆಯ ಎದುರಿಗೆ ಸುಮ್ಮನೆ ಕೂತಳು. ಈಗ ನಿಜವಾಗಿಯೂ ಎದೆಯಲ್ಲಿ ಭಾರ.

(ಆ ಒಂದು ಚುಕ್ಕಿ ನನ್ನದು. ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ. ನನಗೆ ಬೇಕಾದದ್ದರ ಮೇಲೆ ನಾನು ಅಂಟಿಸಿದೆ. ನಾಲ್ಕನ್ನೂ ಅಲ್ಲೇ ಅಂಟಿಸಲು ಹೊರಟವಳು, ಹಿಂದೆ ನಿಂತವರು ನೋಡುತ್ತಿದ್ದಾರೆ ಎಂದು ಮೂರನ್ನು ಬೇರೆ ಕಡೆ ಹಂಚಿಬಿಟ್ಟೆ. ಆ ಮೂರು ಚುಕ್ಕಿ ಈಗಲೂ ನನ್ನನ್ನು ಕಾಡುತ್ತವೆ.)

3

ಇಲ್ಲಿ ನಾನು ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ನೀವು ಈ ಜನರನ್ನು ಕೃತಘ್ನರು ಎಂದುಕೊಂಡುಬಿಡುತ್ತೀರಿ. ನಮ್ಮೂರಿನ ಅಂಚೆ ಕಚೇರಿಯ ಹತ್ತಿರ ನಾಲ್ಕು ರಸ್ತೆ ಕೂಡುತ್ತವೆ. ನಾಲ್ಕೂ ಕಡೆಯಿಂದ ನಾಲ್ಕು ಪಿಕಪ್ ಒಟ್ಟಿಗೆ ಬಂದು ನಿಂತರೆ ನಾಲ್ವರೂ ಒಳಗಿನಿಂದಲೇ ಕೈ ಬೀಸುತ್ತಾರೆ, ನೀವು ಹೋಗಿ, ಇಲ್ಲ ನೀವು ಹೋಗಿ. ಒಂದು ಸಲ ಕಾಲು ಗಂಟೆ ಹಾಗೇ ನಿಂತಿದ್ದನ್ನು ಲೈಬ್ರರಿ ಕಿಟಕಿಯಿಂದ ನಾನೇ ನೋಡಿದ್ದೇನೆ. ಎರಡನೇ ಸಲ ಬಡಿಸುತ್ತೀವಿ ಅಂದರೆ ಬೇಡ ಅನ್ನಬೇಕು, ಮೂರನೇ ಸಲ ಒತ್ತಾಯಿಸಿದರೆ ಮಾತ್ರ ತಟ್ಟೆ ಮುಂದೆ ಮಾಡಬೇಕು. ತನಗೆ ಬೇಕು ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಇವರಿಗೆ ಬರಿಗಾಲಲ್ಲಿ ಹಿಮ ತುಳಿಯುವುದು ಸುಲಭ.

ಇಂಥವರ ಕೈಗೆ ನಾಲ್ಕು ಚುಕ್ಕಿ ಕೊಟ್ಟು, ಊರೆಲ್ಲ ನೋಡುತ್ತಿರುವಾಗ, ನಿಮಗೆ ಬೇಕಾದದ್ದರ ಮೇಲೆ ಅಂಟಿಸಿ ಎಂದರೆ ಏನಾಗುತ್ತದೆ?

ಆರ್ಡಿಸ್ ಮಾರನೇ ದಿನ ಫೋನ್ ಹಿಡಿದು ಕೂತಳು. ಮೊದಲನೇ ಫೋನು ಓರ್ಲಿನ್ ಹೌಗ್‌ಸ್ಟಾಡ್‌ಗೆ. ಎಪ್ಪತ್ತನಾಲ್ಕು ವರ್ಷದ ಗೋಧಿ ರೈತ, ಸಭೆಯ ಅಧ್ಯಕ್ಷ.

"ಓರ್ಲಿನ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲ್ಯಾಬಿಗೆ ಯಾಕೆ ಚುಕ್ಕಿ ಹಾಕ್ಲಿಲ್ಲ ನೀವು?"

"ನಾನು ಹೇಗಮ್ಮ ಹಾಕ್ಲಿ? ಹೋದ ಬೇಸಿಗೇಲಿ ಹನ್ನೊಂದು ಸಲ ಹೋಗಿದ್ದೀನಿ ಅಲ್ಲಿಗೆ. ಎಲ್ರೂ ನೋಡ್ತಿರೋವಾಗ ನಾನೇ ಹೋಗಿ ಅಲ್ಲಿ ಅಂಟಿಸೋದು ಚೆನ್ನಾಗಿರುತ್ತಾ?"

"ಮತ್ತೆ ಎಲ್ಲಿ ಹಾಕಿದ್ರಿ?"

"ಎರಡು ಮಕ್ಕಳ ಕ್ಲಬ್ಬಿಗೆ."

"ನಿಮಗೆ ಮಕ್ಕಳೇ ಇಲ್ವಲ್ಲ ಓರ್ಲಿನ್."

"ಅದಕ್ಕೇ ಹಾಕ್ದೆ. ಒಂದು ಆ ಬಾಟಲಿ ತರಗತಿಗೆ, ಒಂದು ಫೋನ್ ನಂಬರಿಗೆ. ಯಾರಿಗಾದ್ರೂ ಬೇಕಾಗುತ್ತೆ." ಆಮೇಲೆ ಅವನೇ ಕೇಳಿದ: "ಯಾಕಮ್ಮ, ಲ್ಯಾಬಿಗೆ ಎಷ್ಟು ಬಿತ್ತು?"

"ಒಂದು."

"ಹೋಗ್ಲಿ ಬಿಡು, ಸುಳ್ಳು ಹೇಳ್ಬೇಡ."

"ಒಂದೇ ಓರ್ಲಿನ್."

"ನಾನು ಅಂದ್ಕೊಂಡೆ ಅಲ್ಲಿಗೆ ಹೇಗೂ ಎಲ್ರೂ ಹಾಕ್ತಾರೆ ಅಂತ," ಎಂದ ಓರ್ಲಿನ್. ಅವನ ಧ್ವನಿ ಎಪ್ಪತ್ತನಾಲ್ಕನ್ನೂ ದಾಟಿ ಮುದಿಯಾಗಿತ್ತು.

ಎರಡನೇ ಫೋನು ಬಾಟಲಿ ತರಗತಿ ನಡೆಸುವ ಲವಾನ್ ಚೋಸ್‌ಗೆ. ಅವಳು ತನ್ನ ತರಗತಿಗೂ ಒಂದು ಚುಕ್ಕಿ ಹಾಕಿಕೊಂಡಿರಲಿಲ್ಲ. ಗೋಧಿಯವರಿಗೆ ಹಾಕಿದ್ದಳು, ಪಾಪ ಅವರ ಹೊಟ್ಟೆಪಾಡು ಎಂದು. "ಕೊರಿನ್ ನನಗೆ ಬೇಕಾದವಳು ಅಲ್ವೇನೇ. ಬೇಕಾದವಳು ಅಂತ ಹಾಕಿದ್ಲು ಅಂತ ಜನ ಅಂದ್ಕೊಂಡ್ಬಿಟ್ರೆ?" ಎಂದಳು. ಮೂರನೆಯವರು, ನಾಲ್ಕನೆಯವರು, ಹದಿನಾಲ್ಕನೆಯವರು, ಎಲ್ಲರದೂ ಅದೇ ರಾಗ. ಗೋಧಿಯವರು ಬಾಟಲಿಯವರಿಗೆ ಹಾಕಿದ್ದರು, ಬಾಟಲಿಯವರು ದನದವರಿಗೆ, ದನದವರು ಮಕ್ಕಳಿಗೆ. ಲ್ಯಾಬು ಮಾತ್ರ ಎಲ್ಲರಿಗೂ ಬೇಕಾದದ್ದು. ಹಾಗಾಗಿ ಅದು ಎಲ್ಲರ ಪಾಲಿಗೂ ಸ್ವಾರ್ಥವಾಗಿತ್ತು, ಯಾರೂ ಮುಟ್ಟಲಿಲ್ಲ.

ಹಾಗಾದರೆ ಮತ್ತೊಮ್ಮೆ ಸಭೆ ಸೇರಿ ಚುಕ್ಕಿ ಅಂಟಿಸೋಣ ಎಂದಳು ಆರ್ಡಿಸ್. ಅದಕ್ಕೂ ಒಪ್ಪಲಿಲ್ಲ ಪುಣ್ಯಾತ್ಮರು.

"ಅಲ್ಲಿಗೆ ಹಾಕ್ಬೇಕು ಅಂದ್ರೆ ಇನ್ನೊಂದು ಹಾಳೆಯಿಂದ ಕೀಳ್ಬೇಕಲ್ಲಮ್ಮ," ಎಂದ ಓರ್ಲಿನ್. "ಮಕ್ಕಳ ಹಾಳೆಯಿಂದ ನಾನು ಕಿತ್ತುಕೊಳ್ಳಲ್ಲ. ಕೊಟ್ಟಿದ್ದು ಕೊಟ್ಟಾಯ್ತು."

ಈ ಎಲ್ಲದರ ನಡುವೆ ಕೊರಿನ್ ಮಧ್ಯಾಹ್ನ ಬುತ್ತಿ ಹಿಡಿದು ಬಂದಳು. ಅವಳಿಗೆ ಸುದ್ದಿ ಮುಟ್ಟಿತ್ತು. ಮೊಟ್ಟೆ ಸ್ಯಾಂಡ್‌ವಿಚ್ಚನ್ನು ಎರಡು ಸಲ ಬಿಚ್ಚಿ ಮತ್ತೆ ಸುತ್ತಿಟ್ಟಳು.

"ಪರವಾಗಿಲ್ಲ ಕಣೇ ಆರ್ಡಿಸ್. ಅಷ್ಟೊಂದು ಬೇಕಾಗಿರ್ಲಿಲ್ಲ ಅಂತ ಈಗ ಗೊತ್ತಾಯ್ತು. ಗೊತ್ತಾಗಿದ್ದು ಒಳ್ಳೇದೇ."

"ಹಾಗಲ್ಲ ಮಾರಾಯ್ತಿ, ಅವ್ರು—"

"ಹತ್ತೊಂಬತ್ತು ವರ್ಷ ಎಲೆ ನೋಡ್ದೆ. ಜನರ ಮುಖ ಸರಿಯಾಗಿ ನೋಡಿರ್ಲಿಲ್ಲ ಅನ್ಸುತ್ತೆ."

ಆರ್ಡಿಸ್ ತನ್ನ ಬುತ್ತಿಗೆ ಮುಚ್ಚಳ ಹಾಕಿದಳು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ತನಗೆ ಗೊತ್ತಿರುವ ಅತಿ ಒಳ್ಳೆಯ ಹೆಂಗಸೊಬ್ಬಳು, ಯಾರಿಗೂ ತಾನು ಬೇಡವಾಗಿದ್ದೆ ಎಂದು ನಂಬಿಕೊಂಡು ಈ ಊರು ಬಿಡುತ್ತಾಳೆ. ಆ ಕಾಗದಕ್ಕೆ ಸಹಿ ಹಾಕಬೇಕಾದವಳು ತಾನು.

4

ನಾಲ್ಕನೇ ಭಾಗವನ್ನು ಅಳಿಸಿದ್ದೇನೆ. ಅದರಲ್ಲಿ ಒಬ್ಬ ಖಳನಾಯಕನನ್ನು ತರಲು ಪ್ರಯತ್ನಿಸಿದ್ದೆ. ಆರ್ಡಿಸ್‌ಳ ಮೇಲಧಿಕಾರಿ ಬ್ರೆಂಟ್ ಸೀಫರ್ತ್, ಟೈ ಕಟ್ಟಿಕೊಂಡು, ತಣ್ಣಗಿನ ನಗು ನಗುತ್ತ. ಎರಡು ಪ್ಯಾರಾ ಬರೆಯುವ ಹೊತ್ತಿಗೆ ಅವನ ನಿಜಸ್ಥಿತಿ ನೆನಪಾಯಿತು. ಅವನು ಆರ್ಡಿಸ್‌ಳ ಕ್ಲಬ್ಬಿನಲ್ಲೇ ಹಂದಿಮರಿ ಸಾಕಿ ಬೆಳೆದವನು. ಹನ್ನೆರಡು ಕೌಂಟಿಗಳ ಪಟ್ಟಿ ಅವನ ಮೇಜಿಗೆ ಬರುತ್ತದೆ, ಹನ್ನೆರಡರಲ್ಲೂ ಏನೋ ಒಂದನ್ನು ಮುಚ್ಚಬೇಕು, ಒಂದೊಂದಕ್ಕೂ ಅವನೇ ಫೋನ್ ಮಾಡಿ ತಿಳಿಸುತ್ತಾನೆ, ಇಮೇಲ್ ಕಳಿಸಿ ಕೈ ತೊಳೆದುಕೊಳ್ಳುವುದಿಲ್ಲ. ಇಂಥವನಿಗೆ ಟೈ ಕಟ್ಟಿ ಏನು ಪ್ರಯೋಜನ.

ಖಳನಿಲ್ಲದೆ ಕಥೆ ಬರೆಯುವುದು ಎಷ್ಟು ಕಷ್ಟ ಎಂಬುದು ಬರೆದವರಿಗೇ ಗೊತ್ತು. ಈ ಊರು ನನಗೆ ಕಥೆ ಕಟ್ಟಲು ಸಹಕರಿಸುತ್ತಲೇ ಇಲ್ಲ.

5

ಬಿಡಲಿಲ್ಲ ನಾನು. ಶನಿವಾರ ಆರ್ಡಿಸ್‌ಳನ್ನು ನನ್ನ ಟೇಬಲ್ಲಿನ ಎದುರು ಕೂರಿಸಿಕೊಂಡೆ. (ಕಥೆಯೊಳಗಿನ ಆರ್ಡಿಸ್‌ಳನ್ನು. ಹೊರಗಿನವಳು ಶನಿವಾರ ಮೊಲದ ಪ್ರದರ್ಶನದಲ್ಲಿ ಇದ್ದಳು.)

"ಹಾಳೆ ನಿನ್ನ ಕಚೇರೀಲೇ ಇದೆ," ಎಂದೆ. "ಉಳಿದ ಸ್ಟಿಕ್ಕರು ಡ್ರಾಯರಿನಲ್ಲಿವೆ. ಒಂದಿಪ್ಪತ್ತು ಅಂಟಿಸಿಬಿಡು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ಓದುಗರು ಬೇಜಾರು ಮಾಡ್ಕೊಳ್ಳಲ್ಲ ಆರ್ಡಿಸ್. ಖುಷಿ ಪಡ್ತಾರೆ."

"ನಿನ್ನ ಓದುಗರು ಇಲ್ಲಿ ಬಂದು ಓರ್ಲಿನ್ ಮುಖ ನೋಡ್ತಾರಾ? ಜನ ಕೈಯಾರೆ ಅಂಟಿಸಿದ್ದು ಅದು. ತಪ್ಪೇ ಅಂಟಿಸಿರಲಿ. ಅದನ್ನ ನಾನು ತಿದ್ದೋಕೆ ಹೋದ್ರೆ ನಾಳೆಯಿಂದ ಅವ್ರ ಮನೆ ಬಾಗಿಲು ತಟ್ಟೋಕೆ ನನಗೆ ಮುಖ ಇರಲ್ಲ."

ಸರಿ. ಅವಳನ್ನು ಬಿಟ್ಟು ಕೊರಿನ್‌ಳನ್ನು ಹಿಡಿದೆ. ನನ್ನ ಹತ್ತಿರ ಒಂದು ಭರ್ಜರಿ ತಿರುವು ಇತ್ತು: ಮೇ ತಿಂಗಳಲ್ಲಿ ಗೋಧಿಗೆ ಹಳದಿ ತುಕ್ಕು ರೋಗ ತಗಲುತ್ತದೆ, ಇಡೀ ಕೌಂಟಿ ಹಳದಿಯಾಗುತ್ತದೆ, ಕೊರಿನ್ ಮೊದಲ ಎಲೆಯಲ್ಲೇ ಅದನ್ನು ಹಿಡಿಯುತ್ತಾಳೆ, ಜನ ಓಡಿ ಬಂದು ಕೈ ಮುಗಿಯುತ್ತಾರೆ, ಲ್ಯಾಬು ಉಳಿಯುತ್ತದೆ. ಹೇಗಿದೆ?

ಕೊರಿನ್ ಕನ್ನಡಕ ತೆಗೆದು ಒರೆಸಿದಳು. "ನನ್ನ ಕೆಲಸ ಉಳಿಸೋಕೆ ಇಡೀ ಕೌಂಟಿಯ ಗೋಧಿ ಸಾಯಿಸ್ತೀಯಾ?"

"ಸಾಯಲ್ಲ, ನೀನು ಉಳಿಸ್ತೀಯಲ್ಲ."

"ಅರ್ಧ ಉಳಿಯುತ್ತೆ. ಇನ್ನರ್ಧ ಹೋದವ್ರು ಯಾರು ಅಂತ ಹೆಸರು ಬರೀ ಮೊದಲು. ಬರೆದು ನನಗೆ ತೋರಿಸು."

ಬರೆಯಲು ಕೂತೆ. ಎರಡನೇ ಹೆಸರಿಗೇ ಕೈ ನಿಂತಿತು. ಈ ಕಥೆಯಲ್ಲಿ ರೋಗ ಬರುವುದಿಲ್ಲ.

(ಇಷ್ಟಕ್ಕೂ ಲ್ಯಾಬಿನ ಮೇಲೆ ನನಗೇಕೆ ಇಷ್ಟು ಅಕ್ಕರೆ? ಆರು ವರ್ಷದ ಹಿಂದೆ ನನ್ನ ಹಿತ್ತಲಿನ ಟೊಮೆಟೊ ಎಲೆಗಳೆಲ್ಲ ಚಕ್ಕುಲಿಯ ಹಾಗೆ ಮುರುಟಿಕೊಂಡವು. ಒಂದು ಗಿಡ ಕಿತ್ತು ಕೊರಿನ್ ಹತ್ತಿರ ಒಯ್ದೆ. ರೋಗವೇ ಅಲ್ಲ ಎಂದಳು. ನಾನು ಹಾಕಿದ್ದ ಗೊಬ್ಬರ ಓರ್ಲಿನ್ ಪುಕ್ಕಟೆ ಕೊಟ್ಟದ್ದು. ಅವನ ದನ ತಿಂದ ಹುಲ್ಲಿಗೆ ಯಾರೋ ಕಳೆನಾಶಕ ಹೊಡೆದಿದ್ದರು, ಅದು ದನದ ಹೊಟ್ಟೆ ದಾಟಿ ನನ್ನ ಹಿತ್ತಲಿಗೆ ಬಂದಿತ್ತು. ನಾನು ಓರ್ಲಿನ್ ಜೊತೆ ಜಗಳಕ್ಕೆ ಸೆರಗು ಕಟ್ಟಿಕೊಂಡಿದ್ದೆ. ಕೊರಿನ್ ನನ್ನನ್ನು ಕೂರಿಸಿ, ಅವನಿಗೆ ಗೊತ್ತಿಲ್ಲ, ನಾನೇ ಹೇಳ್ತೀನಿ, ನೀನು ಅವನನ್ನ ನೋಡಿ ನಕ್ಕುಬಿಡು ಸಾಕು ಎಂದಳು. ಮಾರನೇ ದಿನ ಓರ್ಲಿನ್ ಒಂದು ಟ್ರಕ್ಕು ಹೊಸ ಮಣ್ಣು ತಂದು ಸುರಿದು, ಏನೂ ಮಾತಾಡದೆ ಹೋದ. ಆ ಎಲೆಯನ್ನು ಅವಳು ಓದದಿದ್ದರೆ ನನ್ನ ಟೊಮೆಟೊ ಹೋಗುತ್ತಿತ್ತು, ನೆರೆಯವನೂ ಹೋಗುತ್ತಿದ್ದ. ಇಂಥ ಒಂದು ಕಚೇರಿಯನ್ನು ಸರ್ಕಾರದ ಖರ್ಚಿನಲ್ಲಿ ಯಾವ ಪುಣ್ಯವಂತರು ಶುರು ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ.)

6

ಸೋಮವಾರ ಬೆಳಿಗ್ಗೆ ಆರ್ಡಿಸ್ ಕಾರು ಓಡಿಸುತ್ತಿದ್ದಾಗ ಅವಳಿಗೆ ಹೊಳೆಯಿತು. (ನನಗಲ್ಲ. ನನಗೆ ಹೊಳೆದದ್ದರ ಗತಿ ಮೇಲೆ ನೋಡಿದಿರಿ.)

ಈ ಜನಕ್ಕೆ ಕೇಳಲು ಬರುವುದಿಲ್ಲ, ಆದರೆ ಥ್ಯಾಂಕ್ಸ್ ಹೇಳಲು ಬರುತ್ತದೆ. ಅದರಲ್ಲಿ ಇವರನ್ನು ಮೀರಿಸುವವರಿಲ್ಲ. ಮದುವೆಗೆ ಬಂದವರಿಗೆ ಕಾರ್ಡು, ಮಣ್ಣಿಗೆ ಬಂದವರಿಗೆ ಕಾರ್ಡು, ಹಿಮದ ಗುಂಡಿಯಿಂದ ಕಾರು ಎಳೆದು ಕೊಟ್ಟವರಿಗೆ ಕಾರ್ಡು. ಕಾರ್ಡು ಬಂತು ಎಂದು ತಿಳಿಸಲು ಇನ್ನೊಂದು ಕಾರ್ಡು. ಪಟ್ಟಿ ಕಳಿಸುವ ಫಾರಂನ ಕೊನೆಯಲ್ಲಿ 'ಇತರ ದಾಖಲೆಗಳು' ಎಂಬ ಜಾಗವಿತ್ತು. ಅಲ್ಲಿ ಏನನ್ನು ಲಗತ್ತಿಸಬಾರದು ಎಂದು ಯಾರೂ ಬರೆದಿರಲಿಲ್ಲ.

ಕಚೇರಿಗೆ ಬಂದವಳೇ ಓರ್ಲಿನ್‌ಗೆ ಫೋನ್ ಮಾಡಿದಳು. "ಚುಕ್ಕಿ ಬೇಡ. ಕೊರಿನ್‌ಗೆ ಒಂದು ಥ್ಯಾಂಕ್ಸ್ ಕಾರ್ಡ್ ಬರೀತೀರಾ? ಗುರುವಾರದೊಳಗೆ ನನ್ನ ಕೈಗೆ ಕೊಡಿ. ನಾಲ್ಕು ಜನಕ್ಕೆ ಹೇಳಿ."

"ಅಷ್ಟೇ ತಾನೆ? ಅದಕ್ಕೇನಂತೆ," ಎಂದ ಓರ್ಲಿನ್. ಎದೆ ಮೇಲಿನ ಕಲ್ಲು ಇಳಿಸಿದವರ ದನಿ.

ಗುರುವಾರದ ಹೊತ್ತಿಗೆ ಅರವತ್ತೊಂದು ಕಾರ್ಡು ಬಂದಿದ್ದವು. ಸಭೆಗೆ ಬಾರದವರೂ ಬರೆದಿದ್ದರು. ಅಂಗಡಿಯಲ್ಲಿ ಕಾರ್ಡೇ ಮುಗಿದು, ಕೆಲವರು ಕ್ರಿಸ್ಮಸ್ ಕಾರ್ಡಿನ ಮೇಲೆ ಗೀಟು ಹಾಕಿ ಬರೆದಿದ್ದರು. ಹಟರೈಟರೆಂಬ ಕ್ರೈಸ್ತ ಪಂಗಡದವರ ಕಾಲೊನಿಯಲ್ಲಿ ನೂರು ಜನ ಒಂದೇ ಅಡುಗೆ ಉಂಡು ಒಟ್ಟಿಗೆ ಬೇಸಾಯ ಮಾಡುವವರು, ಅವರು ಕಾರ್ಡಿನ ಜೊತೆ ಸುಲಿದ ಬಾತುಕೋಳಿಯೊಂದನ್ನೂ ಕಳಿಸಿದ್ದರು. ಬಾತುಕೋಳಿಯನ್ನು ಇತರ ದಾಖಲೆಗಳಿಗೆ ಸೇರಿಸುವ ಬಗ್ಗೆ ಆರ್ಡಿಸ್ ಒಂದು ನಿಮಿಷ ಯೋಚಿಸಿದ್ದು ಹೌದು.

ಒಂದೊಂದನ್ನೇ ಓದುತ್ತ ಹೋದಳು. ಓರ್ಲಿನ್ ಬರೆದಿದ್ದ: 'ಹನ್ನೊಂದು ಸಲ ಬಂದೆ. ಅದರಲ್ಲಿ ಒಂಬತ್ತು ಸಲ ನೀವು, ಏನೂ ಹೊಡೀಬೇಡಿ ಓರ್ಲಿನ್, ಮನೆಗೆ ಹೋಗಿ ಮಲಗಿ ಅಂದಿರಿ. ಹೋಗಿ ಮಲಗಿದೆ. ನಿದ್ದೆ ಬಂತು. ಆ ಒಂಬತ್ತು ಸಲಕ್ಕೆ ನನ್ನ ವಂದನೆ.' ಲವಾನ್ ಬರೆದಿದ್ದಳು: 'ನಮ್ಮ ಮನೆಯವರು ತೀರಿಕೊಂಡ ವರ್ಷ, ಅವರು ನೆಟ್ಟ ಸೇಬಿನ ಮರ ತುದಿಯಿಂದ ಕಪ್ಪಾಗುತ್ತ ಬಂತು. ಕೊಂಬೆ ತಂದಾಗ ನೀವು ಅದನ್ನು ಪಕ್ಕಕ್ಕಿಟ್ಟು ಮೊದಲು ನನ್ನನ್ನು ನೋಡಿದಿರಿ. ಆಮೇಲೆ ಮನೆಗೇ ಬಂದು ಎಲ್ಲಿ ಕಡಿಯಬೇಕೆಂದು ಬಳಪದಿಂದ ಗುರುತು ಹಾಕಿಕೊಟ್ಟಿರಿ. ಮರ ಇದೆ.' ಯಾರೋ ಹೆಸರು ಹಾಕದವರು ಎರಡೇ ಸಾಲು ಬರೆದಿದ್ದರು: 'ತಪ್ಪು ನನ್ನದೇ ಎಂದು ನಾಲ್ಕು ತಿಂಗಳು ಅಂದುಕೊಂಡಿದ್ದೆ. ನನ್ನದಲ್ಲ, ಬೇರು ಕೊಳೆತದ್ದು ಎಂದು ಹೇಳಿದ್ದಕ್ಕೆ ಥ್ಯಾಂಕ್ಸ್.'

ಆರ್ಡಿಸ್ ಮೂಗು ಒರೆಸಿಕೊಂಡು ಎಲ್ಲವನ್ನೂ ಸ್ಕ್ಯಾನ್ ಮಾಡಿದಳು. ಪಟ್ಟಿಯನ್ನು ಇದ್ದದ್ದು ಇದ್ದ ಹಾಗೆ, ಲ್ಯಾಬಿಗೆ ಒಂದು ಚುಕ್ಕಿ ಎಂದೇ ತುಂಬಿ, ಸಹಿ ಹಾಕಿ, ಅರವತ್ತೊಂದು ಕಾರ್ಡಿನ ಸಮೇತ ಕಳಿಸಿದಳು. ಅಸಲು ಕಾರ್ಡುಗಳನ್ನು ಒಂದು ಶೂ ಡಬ್ಬದಲ್ಲಿ ಜೋಡಿಸಿ ಕೊರಿನ್‌ಳ ಮೇಜಿನ ಮೇಲೆ ಇಟ್ಟು ಬಂದಳು.

ಕಥೆ ಇಲ್ಲಿಗೆ ನಿಲ್ಲಿಸಬಹುದು. ನಿಲ್ಲಿಸಿದ್ದೆ ಕೂಡ. ಸ್ನೇಹಿತರೊಬ್ಬರಿಗೆ ಕಳಿಸಿ, ಅವರು ಚೆನ್ನಾಗಿದೆ ಎಂದೂ ಆಗಿತ್ತು. ಆದರೆ ಮುಂದಿನ ಬುಧವಾರ ಬ್ರೆಂಟ್ ಫೋನ್ ಮಾಡಿಬಿಟ್ಟ.

7

ಫೋನ್ ಬಂದಾಗ ಕೊರಿನ್ ಆರ್ಡಿಸ್‌ಳ ಎದುರಿಗೇ ಕೂತಿದ್ದಳು, ಮಡಿಲಲ್ಲಿ ಶೂ ಡಬ್ಬ. ಐದಾರು ದಿನದಿಂದ ಅದನ್ನು ಎಲ್ಲಿಗೆ ಹೋದರೂ ಒಯ್ಯುತ್ತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಾಣುತ್ತಿತ್ತು. ಬೇಡವಾದವಳಾಗಿರಲಿಲ್ಲ ಎಂದು ಗೊತ್ತಾಯಿತಲ್ಲ, ಅಷ್ಟು ಸಾಕು ಎಂದು ಆಗಷ್ಟೇ ಹೇಳಿದ್ದಳು. ಆರ್ಡಿಸ್ ಸ್ಪೀಕರ್ ಒತ್ತಿದಳು, ಒಳ್ಳೆಯ ಸುದ್ದಿಯಾದರೆ ಇಬ್ಬರೂ ಕೇಳೋಣ ಎಂದು.

"ಮೇಡಂ, ಕಾರ್ಡುಗಳನ್ನ ನೋಡಿದ್ವಿ," ಎಂದ ಬ್ರೆಂಟ್. ನಲವತ್ತು ದಾಟಿದ್ದರೂ ಅವನಿಗೆ ಅವಳು ಇನ್ನೂ ಕ್ಲಬ್ಬಿನ ಮೇಡಂ. "ಯೂನಿವರ್ಸಿಟಿ ಡೀನ್ ಕೂಡ ಓದಿದ್ರು. ಕಣ್ಣಲ್ಲಿ ನೀರು ಬಂತು ಅವ್ರಿಗೆ."

"ಹೌದಾ," ಎಂದಳು ಆರ್ಡಿಸ್. ಮೇಜಿನ ಕೆಳಗೆ ಅವಳ ಪಾದ ಕುಣಿಯತೊಡಗಿತು.

"ಎಷ್ಟು ಚೆನ್ನಾಗಿ ಬೀಳ್ಕೊಟ್ಟಿದ್ದೀರಿ ನೀವೆಲ್ಲ. ಬೇರೆ ಕೌಂಟಿಗಳಲ್ಲಿ ಕೂಗಾಟ, ಅರ್ಜಿ, ಪೇಪರ್‌ನೋರು. ನಿಮ್ಮಲ್ಲಿ ಮಾತ್ರ ಒಂದು ಆಕ್ಷೇಪಣೆ ಇಲ್ಲ, ಬರೀ ಕೃತಜ್ಞತೆ. ಹೀಗೆ ಗೌರವವಾಗಿ ಮುಚ್ಚೋದು ಹೇಗೆ ಅಂತ ಎಲ್ಲರಿಗೂ ತೋರಿಸ್ಬೇಕು ಅಂದ್ರು ಡೀನ್."

ಕುಣಿಯುತ್ತಿದ್ದ ಪಾದ ನಿಂತಿತು.

ಆರ್ಡಿಸ್‌ಗೆ ಒಂದೊಂದೇ ಕಾರ್ಡು ಕಣ್ಣ ಮುಂದೆ ಬಂತು. ಅರವತ್ತೊಂದರಲ್ಲಿ ಒಂದರಲ್ಲೂ ಯಾರೂ, ಲ್ಯಾಬನ್ನು ಉಳಿಸಿ ಎಂದು ಬರೆದಿರಲಿಲ್ಲ. ಬರೆಯುವವರೇ ಅಲ್ಲ. ಬರೆಯಿರಿ ಎಂದು ತಾನೂ ಹೇಳಿರಲಿಲ್ಲ. ಯಾಕೆ ಕಾರ್ಡು ಎಂದು ವಿವರಿಸಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು, ತಿಳಿದುಕೊಳ್ಳುವವರು ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದಳು. ಅವಳೂ ಈ ಊರಿನವಳೇ ತಾನೇ.

(ನಾನು ಬರೆದ ಕಾರ್ಡಿನಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನಗೂ ಇವರ ಗಾಳಿ ಹೊಡೆದಿದೆ. ಟೊಮೆಟೊ ಬಗ್ಗೆ ಒಂದು ಪುಟ ಬರೆದು, ಕೊನೆಗೆ ಶುಭವಾಗಲಿ ಎಂದು ಹಾರೈಸಿಬಿಟ್ಟಿದ್ದೆ. ಬುದ್ಧಿಗೆ ಏನಾಗಿತ್ತೋ.)

"ಮೇಡಂ? ಇದ್ದೀರಾ? ಹಾಗಾದ್ರೆ ಜೂನ್ ಮೂವತ್ತು ಅಂತ ಹಾಕ್ಕೊಳ್ತೀನಿ."

ಕೊರಿನ್ ಎದುರಿನಿಂದ ಕೈ ಆಡಿಸಿದಳು. ಪರವಾಗಿಲ್ಲ, ಬಿಡು ಎಂದು ತುಟಿಯಲ್ಲೇ ಅಂದಳು. ನಗುತ್ತಲೂ ಇದ್ದಳು. ಆದರೆ ಡಬ್ಬದ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು.

ಮೂವತ್ತೊಂದು ವರ್ಷದಲ್ಲಿ ಆರ್ಡಿಸ್ ಮೇಲಿನವರನ್ನು ಒಂದು ಹೊಸ ಕುರ್ಚಿ ಕೇಳಿದವಳಲ್ಲ. ಅವಳ ಗಂಡನಿಗೆ ಆಪರೇಷನ್ ಆದಾಗ ರಜೆಯನ್ನೂ ಕೇಳಿರಲಿಲ್ಲ, ಅವರಾಗಿಯೇ ಕೊಟ್ಟ ಎರಡು ದಿನ ತೆಗೆದುಕೊಂಡಿದ್ದಳು. ತಣ್ಣಗಾದ ತನ್ನದೇ ಕೆಟ್ಟ ಕಾಫಿಯನ್ನು ಒಂದು ಗುಟುಕು ಕುಡಿದಳು.

"ಬ್ರೆಂಟ್, ಹಾಕ್ಕೋಬೇಡ," ಎಂದಳು.

"ಏನಂದ್ರಿ?"

"ಅದು ಬೀಳ್ಕೊಡುಗೆ ಅಲ್ಲ ಕಣಪ್ಪ. ನಮ್ಮ ಜನಕ್ಕೆ ಕೇಳೋಕೆ ಬರಲ್ಲ, ನಿನಗೂ ಗೊತ್ತು, ನೀನೂ ಇಲ್ಲೇ ಬೆಳೆದವನು. ಅದಕ್ಕೇ ಥ್ಯಾಂಕ್ಸ್ ಬರೆದ್ರು. ಈಗ ಅವ್ರೆಲ್ಲರ ಪರವಾಗಿ ನಾನು ಕೇಳ್ತಿದ್ದೀನಿ. ಲ್ಯಾಬು ನಮಗೆ ಬೇಕು. ಕೊರಿನ್ ನಮಗೆ ಬೇಕು."

ಈ ಸೀಮೆಯಲ್ಲಿ ಅಪರೂಪಕ್ಕೆ ಯಾರಾದರೂ ಏನಾದರೂ ಕೇಳಿದರೆ, ಕೇಳಿದ ಉಸಿರಲ್ಲೇ ಇನ್ನೊಂದು ಮಾತು ಸೇರಿಸುತ್ತಾರೆ: ಆಗದಿದ್ದರೆ ಪರವಾಗಿಲ್ಲ, ಹೇಗೋ ನಡೆಯುತ್ತೆ. ಎದುರಿನವರಿಗೆ ಮುಜುಗರ ಆಗಬಾರದಲ್ಲ. ಆರ್ಡಿಸ್‌ಳ ನಾಲಗೆಯ ತುದಿಗೂ ಅದು ಬಂತು. ಕೊರಿನ್ ಅದಕ್ಕೇ ಕಾಯುತ್ತಿದ್ದಳು. ಬ್ರೆಂಟ್ ಕೂಡ ಕಾಯುತ್ತಿದ್ದನೋ ಏನೋ.

ಆರ್ಡಿಸ್ ಸೇರಿಸಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಳು.

ಕೊನೆ

ಬ್ರೆಂಟ್ ಏನು ಹೇಳಿದ? ನನ್ನ ಹತ್ತಿರ ಮೂರು ಹಾಳೆಗಳಿವೆ. ಒಂದರಲ್ಲಿ ಅವನು, ಡೀನ್ ಜೊತೆ ಮಾತಾಡ್ತೀನಿ ಮೇಡಂ ಎನ್ನುತ್ತಾನೆ, ಮಾತಾಡುತ್ತಾನೆ, ಲ್ಯಾಬು ಉಳಿಯುತ್ತದೆ. ಇನ್ನೊಂದರಲ್ಲಿ, ಪಟ್ಟಿ ಆಗಲೇ ಮುಂದಕ್ಕೆ ಹೋಗಿದೆ, ಒಂದು ವಾರದ ಹಿಂದೆ ಕೇಳಿದ್ದರೆ ಆಗುತ್ತಿತ್ತು ಎನ್ನುತ್ತಾನೆ. ಅದನ್ನು ಬರೆದು ನಾನು ಎರಡು ದಿನ ಅಡುಗೆ ಮಾಡಲಿಲ್ಲ. ಮೂರನೆಯದರಲ್ಲಿ ಲ್ಯಾಬು ವಾರಕ್ಕೆ ಎರಡೇ ದಿನ ತೆರೆದಿರುತ್ತದೆ. ಬದುಕಿನಲ್ಲಿ ಹೆಚ್ಚಾಗಿ ಆಗುವುದು ಅದೇ, ಆದರೆ ಕಥೆಯಲ್ಲಿ ಅದಕ್ಕೆ ಯಾರೂ ಒಪ್ಪುವುದಿಲ್ಲ.

ಯಾವುದನ್ನು ಅಂಟಿಸಲಿ? ನಿಮ್ಮ ಕೈಗೇ ಬಿಡೋಣ ಎಂದರೆ ಭಯ. ನೀವೂ ಒಳ್ಳೆಯವರು, ನೀವು ಹೇಳಿ, ಇಲ್ಲ ನೀವು ಹೇಳಿ ಎಂದು ಕೂತುಬಿಟ್ಟರೆ? ಹಾಗಾಗಿ ಮೂರು ಹಾಳೆಯನ್ನೂ ಹಿಡಿದು ಆರ್ಡಿಸ್‌ಳನ್ನೇ ಕೇಳಲು ಹೋದೆ. ಅವಳು ಮುಖ ಎತ್ತಲಿಲ್ಲ. ಎದುರಿಗೆ ಕೊರಿನ್ ಡಬ್ಬ ಹಿಡಿದು ಕೂತಿದ್ದಳು. ಸ್ಪೀಕರಿನಲ್ಲಿ ದೂರದ ಕಚೇರಿಯ ಯಾವುದೋ ಕುರ್ಚಿ ಕಿರುಗುಟ್ಟಿತು. ಆರ್ಡಿಸ್ ಒಂದು ಕೈಯಿಂದ ಫೋನಿನ ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ನನ್ನ ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು.

"ಸ್ವಲ್ಪ ಸುಮ್ನಿರ್ತೀಯಾ ಮಾರಾಯ್ತಿ," ಎಂದಳು. "ಅವನಿನ್ನೂ ಲೈನಲ್ಲಿದ್ದಾನೆ."